ಮೇ ರಜೆಯಲ್ಲಿ ಕಾಸರಗೋಡಿನಿಂದ ಲೇಹ್‌ಗೆ ಕಾರಿನಲ್ಲಿ ಹೋಗುವವರೇ, ಸರ್ಚುವಿನಲ್ಲಿ ರಾತ್ರಿ ಕಳೆಯಬೇಡಿ

ಕುಂಬಳೆ ಕಡೆಯ ಐವರು ಗೆಳೆಯರ ಲಡಾಖ್ ಪ್ರವಾಸ ಮನಾಲಿ–ಲೇಹ್ ದಾರಿಯ ನಡುವಿನ ಡೇರೆ ತಾಣ ಸರ್ಚುವಿನಲ್ಲೇ ಮುಗಿಯಿತು. ಬೆಳಿಗ್ಗೆ ಮನಾಲಿ ಬಿಟ್ಟು ಸಂಜೆ ಡೇರೆ ಸೇರುವಾಗಲೇ ಒಬ್ಬನಿಗೆ ತಲೆನೋವು. ನಡುರಾತ್ರಿ ವಾಂತಿ. ಬೆಳಗಾಗುವಷ್ಟರಲ್ಲಿ ಹಿಡಿದುಕೊಳ್ಳದೆ ನಾಲ್ಕು ಹೆಜ್ಜೆ ನೆಟ್ಟಗೆ ಇಡಲಾರದ ಸ್ಥಿತಿ. ಕೆಳಗೆ ಕರೆದೊಯ್ಯೋಣ ಎಂದರೆ ಕಾರಿನ ರೇಡಿಯೇಟರಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಕೆಳಗಿನ ಕೇಲಾಂಗ್ ಪಟ್ಟಣದ ಕಡೆಗೆ ಹೊರಟ ಬೇರೊಂದು ಗಾಡಿಯವರು ಕೂರಿಸಿಕೊಂಡದ್ದರಿಂದ ಹುಡುಗ ಬದುಕಿದ.

ಇದರ ಮೂಲ ಇರುವುದು ನಮ್ಮ ರಜೆಯ ಲೆಕ್ಕದಲ್ಲಿ. ಕೇರಳದ ಶಾಲೆಗಳಿಗೆ ಏಪ್ರಿಲ್, ಮೇ ರಜೆ. ಜೂನ್ ಮೊದಲಿಗೆ ಮತ್ತೆ ಗಂಟೆ ಹೊಡೆಯುತ್ತದೆ. ಮನಾಲಿ–ಲೇಹ್ ರಸ್ತೆಯ ಹಿಮ ತೆಗೆದು ಸಂಚಾರಕ್ಕೆ ಬಿಡುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಅದೂ ಆ ವರ್ಷ ಹಿಮ ಎಷ್ಟು ಬಿದ್ದಿದೆ ಎಂಬುದರ ಮೇಲೆ. ಇಲ್ಲಿಂದ ಲೇಹ್‌ಗೆ ಸುಮಾರು 3,300 ಕಿ.ಮೀ. ರಸ್ತೆ ತೆರೆಯಲೆಂದು ಮನಾಲಿಯಲ್ಲಿ ಕಾದು ಕೂತವರು ತೆರೆದೊಡನೆ ಕಳೆದ ದಿನಗಳನ್ನೆಲ್ಲ ಘಾಟಿಯಲ್ಲಿ ಹಿಂದೆ ಪಡೆಯಲು ನೋಡುತ್ತಾರೆ. ಅವಘಡ ಆಗುವುದು ಅಲ್ಲೇ.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ಸರ್ಚು 4,290ರಲ್ಲಿ. ನಾವು ಎತ್ತರ ಎಂದುಕೊಂಡಿರುವ ಮಡಿಕೇರಿ 1,150ರ ಆಸುಪಾಸು. ಅಂಥ ಸುಮಾರು ಎರಡು ಮಡಿಕೇರಿಯನ್ನು ಒಂದೇ ಹಗಲಲ್ಲಿ ಹತ್ತಿ ಅಲ್ಲೇ ಮಲಗಿದಂತಾಯಿತು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು ಎನ್ನುತ್ತಾರೆ ವೈದ್ಯರು. ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ರೋಹ್ತಾಂಗ್ ಘಾಟಿ ಹತ್ತುವ ಸಮಯ ಉಳಿಯಿತು. ಆದರೆ ಎತ್ತರದ ತೆಳು ಗಾಳಿಗೆ ಮೈ ಒಗ್ಗಿಕೊಳ್ಳಲು ಬೇಕಾದ ಸಮಯ ಅದರಿಂದ ಒಂದು ಗಂಟೆಯೂ ಕಡಿಮೆಯಾಗಿಲ್ಲ.

ಸರ್ಚುವಿನ ನಿಜವಾದ ಅಪಾಯ ಅದು ಕೂತಿರುವ ಜಾಗದ್ದು. ಮನಾಲಿ ಕಡೆಗೆ ಬಾರಾಲಾಚಾ ಲಾ (‘ಲಾ’ ಎಂದರೆ ಘಾಟಿ), 4,800 ಮೀಟರಿಗೂ ಮೇಲೆ. ಲೇಹ್ ಕಡೆಗೆ ಗಾಟಾ ಲೂಪ್ಸ್‌ನ 21 ತಿರುವು, ನಕೀ ಲಾ, ಆಮೇಲೆ 5,000 ದಾಟುವ ಲಾಚುಲುಂಗ್ ಲಾ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಸರ್ಚುವಿನಲ್ಲಿ ಸಿಕ್ಕಿಕೊಂಡವರು ಇಳಿಯಬೇಕಾದರೂ ಮೊದಲು ಹತ್ತಬೇಕು. ಮುಂದಿನ ತಂಗುದಾಣ ಪಾಂಗ್ ಇನ್ನೂ ಎತ್ತರ, ಅಲ್ಲಿಯೂ ಮಲಗಬೇಡಿ.

ಶ್ರೀನಗರದ ದಾರಿಯಲ್ಲಿ ಹೋಗಿ, ಮನಾಲಿ ದಾರಿಯಲ್ಲಿ ಬನ್ನಿ. ಸೋನಾಮಾರ್ಗ್ ಮತ್ತು ಕಾರ್ಗಿಲ್ ಎರಡೂ 2,700ರ ಹತ್ತಿರ, ಲೇಹ್ 3,500. ಅಲ್ಲಿ ಎರಡು ದಿನ ಸುಮ್ಮನೆ ಕೂತರೆ ಬರುವಾಗ ಮೈ ಪಳಗಿರುತ್ತದೆ. ಮನಾಲಿಯಿಂದಲೇ ಹೋಗುವ ಹಟವಿದ್ದರೆ ಮನಾಲಿಯಲ್ಲಿ ಎರಡು ರಾತ್ರಿ, ಕೇಲಾಂಗ್ ದಾಟಿ ಸಿಗುವ ಜಿಸ್ಪಾದಲ್ಲಿ ಎರಡು ರಾತ್ರಿ, ಆಮೇಲೆ ಒಂದೇ ಹಗಲಲ್ಲಿ ಲೇಹ್. ಹತ್ತು ಹನ್ನೆರಡು ಗಂಟೆಯ ದಾರಿ, ಇಬ್ಬರು ಚಾಲಕರು ಬೇಕೇ ಬೇಕು. ಬಾರಾಲಾಚಾದಲ್ಲಿ ನಸುಕಿಗೆ ರಸ್ತೆಯ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತದೆ, ಮಧ್ಯಾಹ್ನದ ಮೇಲೆ ಹಿಮ ಕರಗಿ ತೊರೆಗಳು ಉಕ್ಕಿ ರಸ್ತೆಗೆ ಬರುತ್ತವೆ. ಬಿಸಿಲು ಬಿದ್ದ ಮೇಲೆ, ಮಧ್ಯಾಹ್ನಕ್ಕೆ ಮೊದಲು ದಾಟಿಬಿಡಿ.

ಅಸೆಟಜೋಲಮೈಡ್ ಮಾತ್ರೆಯನ್ನು ಎತ್ತರದ ಕಾಯಿಲೆಯ ತಡೆಗಾಗಿ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಹತ್ತುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧಿಯ ಅಲರ್ಜಿ ಇರುವವರು ಇದ್ದಾರೆ, ಊರಿನ ವೈದ್ಯರನ್ನು ಕೇಳದೆ ನುಂಗಬೇಡಿ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ. ತಲೆನೋವಿನ ಜೊತೆ ವಾಂತಿ ಬಂದರೆ ಇನ್ನು ಒಂದಡಿಯೂ ಮೇಲೆ ಹೋಗಬಾರದು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಗೆರೆಯಂತೆ ನಡೆಸಿ ನೋಡಿ: ವಾಲಿದರೆ ಮಿದುಳಿಗೆ ನೀರು ಸೇರುತ್ತಿದೆ. ಕೂತಲ್ಲೇ ಏದುಸಿರು, ಒದ್ದೆ ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ. ಎರಡರಲ್ಲೂ ರಾತ್ರಿಯೇ ಇಳಿಸಿ, ಬೆಳಗಾಗಲಿ ಎಂದು ಕಾಯಬೇಡಿ. ಆಮ್ಲಜನಕದ ಸಿಲಿಂಡರ್ ಇದ್ದರೆ ದಾರಿಯುದ್ದಕ್ಕೂ ಕೊಡಿ, ಆದರೆ ಅದನ್ನು ನಂಬಿ ಅಲ್ಲೇ ಉಳಿಯಬೇಡಿ.

ಇನ್ನು ಕಾರು. ನಮ್ಮ ಕರಾವಳಿಯಲ್ಲಿ ರೇಡಿಯೇಟರಿಗೆ ಬಾವಿ ನೀರು ತುಂಬಿದರೂ ನಡೆಯುತ್ತದೆ, ಅಲ್ಲಿ ಮೇ ಕೊನೆಯಲ್ಲೂ ರಾತ್ರಿ ಸೊನ್ನೆಗಿಂತ ಕೆಳಗೆ. ಹೊರಡುವ ಮೊದಲೇ ಎಲ್ಲ ನೀರು ಇಳಿಸಿ, ಕೂಲಂಟ್ ಮತ್ತು ಶುದ್ಧೀಕರಿಸಿದ ನೀರು ಸಮ ಸಮ ಬೆರೆಸಿ ತುಂಬಿಸಿ. ಬೆರೆಸಿಯೇ ಮಾರುವ ಕೂಲಂಟ್ ಆದರೆ ಮತ್ತೆ ನೀರು ಬೇಡ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್ 5,000 ಮೀಟರಿನಲ್ಲಿ ಸುಮಾರು ನಲವತ್ತು ಪ್ರತಿಶತ ಬಲ ಕಳೆದುಕೊಳ್ಳುತ್ತದೆ. ಐದು ಜನ, ತಲೆಯ ಮೇಲೆ ಸಾಮಾನು, ಅರ್ಧ ಕ್ಲಚ್‌ನಲ್ಲಿ ಎಳೆದರೆ ಕ್ಲಚ್ ಪ್ಲೇಟ್ ಸುಡುವುದು ಖಂಡಿತ. ಮೊದಲ ಗೇರಿನಲ್ಲೇ ಕ್ಲಚ್ ಪೂರ್ತಿ ಬಿಟ್ಟು ಹತ್ತಿಸಿ, ಬೇಕಾದರೆ ಇಬ್ಬರು ಇಳಿದು ನಿಧಾನಕ್ಕೆ ನಡೆಯಲಿ.

ಕೇಲಾಂಗ್‌ಗೆ ಮೊದಲು ಸಿಗುವ ತಾಂಡಿಯ ಪೆಟ್ರೋಲ್ ಬಂಕಿನ ಬಳಿ ಮುಂದಿನ ಬಂಕ್ 365 ಕಿ.ಮೀ. ಎಂಬ ಫಲಕವಿದೆ. ಊರಲ್ಲಿ ಲೀಟರಿಗೆ 18 ಕೊಡುವ ಕಾರು ಅಲ್ಲಿ 12 ಕೊಟ್ಟರೆ 30 ಲೀಟರ್ ಅಲ್ಲಿಗೇ ಮುಗಿಯಿತು. 35 ಲೀಟರಿನ ಟ್ಯಾಂಕಿನವರು ಲೋಹದ ಕ್ಯಾನಿನಲ್ಲಿ ಹತ್ತು ಲೀಟರ್ ಹೆಚ್ಚಿಗೆ ಒಯ್ಯಿರಿ. ಕ್ಯಾನ್ ಕಾರಿನ ಒಳಗೆ ಇಡಬೇಡಿ, ಮುಚ್ಚಳ ಮೆಲ್ಲ ತೆಗೆಯಿರಿ; ಬಾಳೆಕಾಯಿ ಚಿಪ್ಸ್ ಪೊಟ್ಟಣ ಉಬ್ಬುವ ಹಾಗೆ ಅದರೊಳಗಿನ ಆವಿಯೂ ಒತ್ತುತ್ತಿರುತ್ತದೆ.

ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಕುಚ್ಚಲಕ್ಕಿ ಕಟ್ಟಿಕೊಂಡು ಹೋಗುವವರು ಕುಕ್ಕರನ್ನೂ ಒಯ್ಯಿರಿ: 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅಗುಳು ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ.