ಶುಕ್ಲಪಕ್ಷನೋ, ಕತ್ತಲೆ ಪಕ್ಷನೋ, ಇಲ್ಲಾ ಬರೀ ಹದನೋ? ಬಿತ್ತಿ ನೋಡಿದ್ದು

ನಮ್ಮನೇಲಿ ಈ ಜಗಳ ಶುರುವಾಗಿದ್ದು 2023ರ ರಾಗಿ ಹೋದ್ಮೇಲೆ. ಆ ವರ್ಷದ ಆಗಸ್ಟ್ ನೆನಪಿರಬೇಕು ಎಲ್ಲರಿಗೂ, 1901ರಿಂದ ಲೆಕ್ಕ ಇಟ್ಟಿರೋದ್ರಲ್ಲಿ ಇಡೀ ದೇಶಕ್ಕೇ ಅತಿ ಒಣ ಆಗಸ್ಟ್ ಅದು, ತಿಪಟೂರು ಕಡೆ ನಮ್ಮ ಹೊಲದಲ್ಲಿ ರಾಗಿ ಮೊಣಕಾಲುದ್ದ ಬಂದು ಅಲ್ಲೇ ನಿಂತು ಒಣಗೋಯ್ತು. ಚಿಕ್ಕಪ್ಪ ಮಳೇನ ಬೈಲಿಲ್ಲ, ನನ್ನ ಬೈದ್ರು. "ಕತ್ತಲೆ ಪಕ್ಷದಲ್ಲಿ ಬಿತ್ತಬೇಡ ಅಂತ ಬಡ್ಕೊಂಡೆ ಕಣ್ಲಾ, ಕೇಳಿದ್ಯಾ?" ನಾನು ಬಿತ್ತಿದ್ದು ಜುಲೈ ಎರಡನೇ ವಾರ, ಲೆಕ್ಕದಲ್ಲಿ ಕತ್ತಲೆ ಪಕ್ಷನೇ, ಒಪ್ತೀನಿ. ಆದ್ರೆ ಪಕ್ಕದ ಹೊಲದೋರು ಭೀಮನ ಅಮಾಸೆ ಕಳೀಲಿ ಅಂತ ಕಾದು ಶುಕ್ಲಪಕ್ಷದಲ್ಲೇ ಬಿತ್ತಿದ್ರು, ಅವರದೂ ಒಣಗಿತ್ತಲ್ಲ ಚಿಕ್ಕಪ್ಪ ಅಂದೆ. "ಅಧಿಕ ಮಾಸದಲ್ಲಿ ಬಿತ್ತಿದ್ರೆ ಇನ್ನೇನಾಗುತ್ತೆ" ಅಂದ್ರು. ಹೌದು, ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಪಂಚಾಂಗ ಓದೋರ ಹತ್ರ ವಾದ ಮಾಡಿದ್ರೆ ಹಿಂಗೇ, ಎಲ್ಲಾ ಬಾಗಿಲಿಗೂ ಒಂದು ಹಿತ್ತಲ ಬಾಗಿಲಿರುತ್ತೆ.

ಸರಿ, ಬಾಯಲ್ಲಿ ಬೇಡ, ಮಣ್ಣಲ್ಲೇ ನೋಡೋಣ ಅಂತ 2024ರ ಜನವರೀಲಿ ಬೋರ್‌ವೆಲ್ ಪಕ್ಕದ ನಾಲ್ಕು ಗುಂಟೆ ಬಿಡಿಸ್ಕೊಂಡೆ. ಬೀನ್ಸು ಅರ್ಕಾ ಕೋಮಲ್, ಮೂಲಂಗಿ ಅರ್ಕಾ ನಿಶಾಂತ್, ಎರಡೂ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು, ಒಂದೇ ಸಲ ತಂದಿಟ್ಕೊಂಡ ಬೀಜ. ಒಂದು ನೆಲದ ಮೇಲೆ ಕಾಯಿ ಬಿಡೋದು, ಇನ್ನೊಂದು ನೆಲದೊಳಗೆ ಗೆಡ್ಡೆ ಕಟ್ಟೋದು, ಚಂದ್ರನ ಲೆಕ್ಕದಲ್ಲಿ ಎರಡಕ್ಕೂ ಬೇರೆ ಬೇರೆ ಕಾಲ ಅದಕ್ಕೆ.

ಸ್ಪರ್ಧೇಲಿ ಇದ್ದೋರು ಮೂರು ಜನ ಅನ್ಕೊಳಿ. ಒಂದು ಚಿಕ್ಕಪ್ಪನ ಲೆಕ್ಕ, ಚಂದ್ರ ಬೆಳೆಯುವಾಗ ಮೇಲೆ ಬೆಳೆಯೋದನ್ನ ಬಿತ್ತು, ಚಂದ್ರ ಕರಗುವಾಗ ಕೆಳಗೆ ಬೆಳೆಯೋದನ್ನ ಬಿತ್ತು, ಅಷ್ಟೇ, ಸುಲಭ. ಎರಡನೇದು ನನ್ನ ಫ್ರೆಂಡ್ ಒಬ್ಬ ಕೊಟ್ಟ ಬಯೋಡೈನಮಿಕ್ ಕ್ಯಾಲೆಂಡರು, ಬಯೋಡೈನಮಿಕ್ ಅಂದ್ರೆ ಚಂದ್ರ, ರಾಶಿ ನೋಡ್ಕೊಂಡು ಮಾಡೋ ಒಂಥರಾ ಸಾವಯವ ಕೃಷಿ. ಇದರ ಬೇರು 1924ರಲ್ಲಿ ರುಡಾಲ್ಫ್ ಸ್ಟೈನರ್ ಕೊಟ್ಟ ಕೃಷಿ ಉಪನ್ಯಾಸಗಳಲ್ಲಿದೆ, ಬಿತ್ತನೆ ಕ್ಯಾಲೆಂಡರ್ ಅಂತ ರೂಪ ಕೊಟ್ಟಿದ್ದು ಜರ್ಮನಿಯ ಮಾರಿಯಾ ಥುನ್ ಅನ್ನೋ ಹೆಂಗಸು, 1950ರ ದಶಕದಲ್ಲಿ ಅವರೂ ಮೂಲಂಗಿ ಬಿತ್ತಿ ಬಿತ್ತಿ ನೋಡೇ ಶುರು ಮಾಡಿದ್ದು. ಇದ್ರಲ್ಲಿ ಪಕ್ಷಕ್ಕಿಂತ ರಾಶಿ ಮುಖ್ಯ. ಚಂದ್ರ ವೃಷಭ, ಕನ್ಯಾ, ಮಕರದಲ್ಲಿದ್ರೆ ಬೇರಿನ ದಿನ, ಕರ್ಕಾಟಕ, ವೃಶ್ಚಿಕ, ಮೀನದಲ್ಲಿದ್ರೆ ಎಲೆ ದಿನ, ಮಿಥುನ, ತುಲಾ, ಕುಂಭ ಹೂವಿಗೆ, ಮೇಷ, ಸಿಂಹ, ಧನು ಕಾಯಿ-ಬೀಜಕ್ಕೆ. ನಿಜ ಹೇಳ್ಬೇಕಂದ್ರೆ ಈ ಕ್ಯಾಲೆಂಡರ್ ದುಡ್ಡು ಕೊಟ್ಟು ತಗೊಳೋದೇ ಬೇಡ, ಗೋಡೆಗೆ ತಗಲಾಕಿರೋ ನಮ್ಮ ಪಂಚಾಂಗದಲ್ಲೇ ದಿನಾ ಚಂದ್ರ ಯಾವ ರಾಶೀಲಿದಾನೆ ಅಂತ ಇರುತ್ತೆ, ರಾಶಿಗಳ ಅಳತೇಲಿ ಸ್ವಲ್ಪ ವ್ಯತ್ಯಾಸ ಅಷ್ಟೇ.

ಮೂರನೇದು ನಂದು, ಚಂದ್ರನ ಕಡೆ ತಲೆ ಎತ್ತೇ ನೋಡಲ್ಲ, ಹದ ನೋಡಿ ಬಿತ್ತೋದು. ಎರಡು ದಿನ ಮುಂಚೆ ನೀರು ಕಟ್ಟಿ, ಆರೋಕೆ ಬಿಟ್ಟು, ಒಂದು ಹಿಡಿ ಮಣ್ಣು ತಗೊಂಡು ಅಮುಕಿದ್ರೆ ಉಂಡೆ ಆಗ್ಬೇಕು, ಆ ಉಂಡೇನ ಸೊಂಟದೆತ್ತರದಿಂದ ಬಿಟ್ರೆ ಪುಡಿ ಆಗ್ಬೇಕು, ಕೈಗೆ ಅಂಟಬಾರದು. ಆಗ ಬಿತ್ತೋದು.

ಮೊದಲನೇ ತಮಾಷೆ ಏನಪ್ಪ ಅಂದ್ರೆ ಬಿತ್ತೋಕೆ ಮುಂಚೆನೇ ಚಂದ್ರನ ಕಡೆಯ ಇಬ್ಬರಿಗೂ ಜಗಳ ಹತ್ಕೊಳ್ತು. ಬನದ ಹುಣ್ಣಿಮೆ ಜನವರಿ 25ಕ್ಕೆ. ಬೀನ್ಸಿಗೆ ಹುಣ್ಣಿಮೆಗೆ ಎರಡು ದಿನ ಮುಂಚೆ, ಅಂದ್ರೆ 23ಕ್ಕೆ ಬಿತ್ತು ಅಂದ್ರು ಚಿಕ್ಕಪ್ಪ. ರಾಶಿ ಲೆಕ್ಕ ನೋಡಿದ್ರೆ ಬೀನ್ಸು ಕಾಯಿ ಬೆಳೆ, ಚಂದ್ರ ಸಿಂಹಕ್ಕೆ ಬರೋ 28ರವರೆಗೂ ಕಾದಿರು ಅನ್ನುತ್ತೆ, 28 ಅಂದ್ರೆ ಆಗ್ಲೇ ಕತ್ತಲೆ ಪಕ್ಷ! ಮೂಲಂಗಿದು ಇನ್ನೂ ಮಜಾ. ರಾಶಿ ಲೆಕ್ಕದಲ್ಲಿ ಚಂದ್ರ ಮಕರದಲ್ಲಿರೋ ಫೆಬ್ರವರಿ 9 ಬೇರಿನ ದಿನ, ಅವತ್ತೇ ಅವರಾತ್ರಿ ಅಮಾಸೆ. "ಅಮಾಸೆ ದಿನ ಭೂಮಿಗೆ ಗುದ್ದಲಿ ಹಾಕ್ತೀಯೇನ್ಲಾ, ಎತ್ತಿಗೂ ಅವತ್ತು ನೊಗ ಹಾಕಲ್ಲ ನಾವು" ಅಂತ ಚಿಕ್ಕಪ್ಪ ಕೂಗಾಡಿದ್ರು, ಅವರು ಅಮಾಸೆ ಪೂಜೆಗೆ ದೇವಸ್ಥಾನಕ್ಕೆ ಹೋದಾಗ ಕದ್ದು ಬಿತ್ತಿದೆ. ಒಂದೇ ಚಂದ್ರ, ಇಬ್ಬರು ವಕೀಲರು, ಒಬ್ಬ ಹೌದು ಅಂದಿದ್ದನ್ನ ಇನ್ನೊಬ್ಬ ಪಾಪ ಅಂತಾನೆ. ಇಬ್ಬರಲ್ಲಿ ಒಬ್ಬನಾದ್ರೂ ತಪ್ಪಿರಲೇಬೇಕಲ್ವಾ.

ಒಟ್ಟು ನಾಲ್ಕು ಸಲ ಬಿತ್ತಿದ್ದು. ಜನವರಿ 23 ಶುಕ್ಲ, ಫೆಬ್ರವರಿ 6 ಕತ್ತಲೆ, ಫೆಬ್ರವರಿ 22 ಮತ್ತೆ ಶುಕ್ಲ (ಭಾರತ ಹುಣ್ಣಿಮೆಗೆ ಎರಡು ದಿನ ಮುಂಚೆ), ಮಾರ್ಚ್ 6 ಮತ್ತೆ ಕತ್ತಲೆ, ಶಿವರಾತ್ರಿ ಹಿಂದು ಮುಂದು. ರಾಶಿ ಲೆಕ್ಕದ ಎರಡು ಸಾಲು ಬೇರೆ. ಒಂದೊಂದು ಸಾಲಿಗೆ 60 ಬೀನ್ಸ್ ಬೀಜ ಎಣಿಸಿ ಹಾಕಿದ್ದು. ಪ್ರತಿ ಸಲನೂ ಒಂದು ಸಾಲು ಹದ ನೋಡಿ, ಅದರ ಪಕ್ಕದಲ್ಲೇ ಇನ್ನೊಂದು ಸಾಲು ಚಿಕ್ಕಪ್ಪನ ಸ್ಟೈಲಲ್ಲಿ ಒಣ ಮಣ್ಣಿಗೆ ಬಿತ್ತಿ ಮೇಲೆ ನೀರು ಬಿಡೋದು. ಮಣ್ಣಿಗೆ ಚುಚ್ಚೋ ಥರ್ಮಾಮೀಟರ್ ಒಂದು ಆನ್‌ಲೈನಲ್ಲಿ ತರಿಸಿದ್ದೆ, ಬೆಳಗ್ಗೆ ಎಂಟಕ್ಕೆ ಓದ್ತಿದ್ದೆ, ಹೆಂಡ್ತಿ ಇದಕ್ಕೆ ಜ್ವರ ನೋಡೋದು ಅಂತ ಹೆಸರಿಟ್ಟಳು.

ಮೊದಲನೇ ಜೋಡಿ ಮುಗಿದಾಗ ಚಿಕ್ಕಪ್ಪ ಗೆದ್ದಂಗೇ ಇತ್ತು. ಕತ್ತಲೆ ಪಕ್ಷದ ಮೂಲಂಗಿ ಶುಕ್ಲಪಕ್ಷದ್ದಕ್ಕಿಂತ ಒಂದು ದಿನ ಬೇಗ ಎದ್ದಿತ್ತು, "ನೋಡ್ದಾ, ಗೆಡ್ಡೆ" ಅಂದ್ರು. ಬೀನ್ಸೂ ಕತ್ತಲೆ ಪಕ್ಷದ್ದೇ ಬೇಗ ಎದ್ದಿದೆಯಲ್ಲ, ಅದು ಉಲ್ಟಾ ಆಗ್ಬೇಕಿತ್ತಲ್ವಾ ಅಂದೆ. ಕಾಫಿ ಕುಡಿಯೋಕೆ ಒಳಗೆ ಹೋದ್ರು.

ಎರಡೇ ಸಲಕ್ಕೆ ನಿಲ್ಲಿಸಿದ್ರೆ ಏನೂ ಗೊತ್ತಾಗ್ತಿರಲಿಲ್ಲ, ನಾಲ್ಕೂ ಸಾಲಾಗಿ ಬರೆದಾಗಲೇ ಕಣ್ಣಿಗೆ ಬಿದ್ದಿದ್ದು. ಅರ್ಧಕ್ಕರ್ಧ ಬೀನ್ಸು ಮೇಲೆ ಬರೋಕೆ ಹಿಡಿದ ದಿನ ಕ್ರಮವಾಗಿ 8, 7, 6, 5. ಮಣ್ಣಿನ ಬೆಳಗಿನ ಉಷ್ಣಾಂಶ 19, 21, 24, 26. ಚಂದ್ರನ ಕೈವಾಡ ಇದ್ದಿದ್ರೆ ಒಂದು ಸಲ ಬೇಗ, ಒಂದು ಸಲ ತಡ, ಮತ್ತೆ ಬೇಗ ಅಂತ ಅಂಕುಡೊಂಕಾಗಿ ಬರಬೇಕಿತ್ತು, ಯಾಕಂದ್ರೆ ಪಕ್ಷ ಬದಲಾಗ್ತಾ ಇತ್ತು. ಬಂದಿದ್ದು ಮೆಟ್ಟಿಲು ಇಳಿದಂಗೆ, ಪಕ್ಷ ಯಾವುದಾದ್ರೇನು ಮಣ್ಣು ಬೆಚ್ಚಗಾದಷ್ಟೂ ಬೇಗ. ಇಳುವರಿನೂ ಹಂಗೇ, ಜನವರಿ 23ರ ಸಾಲು 5 ಕೆಜಿ ಚಿಲ್ಲರೆ, ಸಿಂಹ ರಾಶಿ ಸಾಲು ಹೆಚ್ಚುಕಮ್ಮಿ ಅಷ್ಟೇ, ಫೆಬ್ರವರಿ 6ರದ್ದು ನಾಲ್ಕೂವರೆ, 22ರದ್ದು 3, ಮಾರ್ಚ್‌ದು ಒಂದೂವರೆನೂ ಮುಟ್ಟಲಿಲ್ಲ, ಏಪ್ರಿಲ್ ಬಿಸಿಲಿಗೆ ಹೂವೆಲ್ಲಾ ಉದುರೋಯ್ತು. ಆ ಬೇಸಿಗೇಲಿ ಬೆಂಗಳೂರಲ್ಲಿ ನೀರಿನ ಟ್ಯಾಂಕರ್‌ಗೆ ಕ್ಯೂ ನಿಂತಿದ್ರು, ಬೀನ್ಸ್ ಹೂವು ನಿಲ್ಲುತ್ತಾ. ಮಾರ್ಚ್ ಮೂಲಂಗಿ ಕತ್ತಲೆ ಪಕ್ಷದ್ದೇ, ಚಿಕ್ಕಪ್ಪನ ಲೆಕ್ಕಕ್ಕೆ ಸರಿಯಾಗಿ ಬಿತ್ತಿದ್ದು, ಕಿತ್ತು ಕಚ್ಚಿದ್ರೆ ಬರೀ ಖಾರ, ನಾರು. "ಶಿವರಾತ್ರಿ ಕಳೆದ್ಮೇಲೆ ಬಿಸಿಲು ಜಾಸ್ತಿ ಆಯ್ತಲ್ಲ, ಅದಕ್ಕೆ" ಅಂದ್ರು. ಅದನ್ನೇ ಚಿಕ್ಕಪ್ಪ ನಾನೂ ಹೇಳ್ತಿರೋದು ಅಂದೆ. (ಫೆಬ್ರವರಿ 22ರ ಸಾಲಲ್ಲಿ ನವಿಲು ಬಂದು ಒಂದು ತುದಿ ಕುಕ್ಕಿತ್ತು, ಆ ಭಾಗ ಬಿಟ್ಟು ಉಳಿದಿದ್ದಕ್ಕೆ ಲೆಕ್ಕ ಹಾಕಿದ್ದು. ನವಿಲಿಗೆ ಯಾವ ಪಕ್ಷನೂ ಇಲ್ಲ.)

ಈ ಪರೀಕ್ಷೆಯ ಕಷ್ಟ ಇರೋದೇ ಇಲ್ಲಿ. ಶುಕ್ಲಪಕ್ಷ ಕತ್ತಲೆ ಪಕ್ಷ ಎರಡನ್ನೂ ಒಂದೇ ದಿನ ಬಿತ್ತೋಕಾಗಲ್ಲ, ನಡುವೆ ಎರಡು ವಾರ ಇದ್ದೇ ಇರುತ್ತೆ, ಎರಡು ವಾರದಲ್ಲಿ ಚಳಿ ಹೋಗುತ್ತೆ, ಮಳೆ ಬರುತ್ತೆ, ಕರೆಂಟ್ ಹೋಗುತ್ತೆ. ಊರಲ್ಲಿ "ನಾನೇ ನೋಡಿದೀನಿ, ಹುಣ್ಣಿಮೆ ಮುಂಚೆ ಹಾಕಿದ್ದು ಚೆನ್ನಾಗಿ ಬಂತು" ಅನ್ನೋರು ಸುಳ್ಳು ಹೇಳ್ತಿಲ್ಲ, ಚೆನ್ನಾಗಿ ಬಂದಿದ್ದು ನಿಜ, ಆದ್ರೆ ಆ ಎರಡು ವಾರದ ವ್ಯತ್ಯಾಸಾನ ಚಂದ್ರನ ಖಾತೆಗೆ ಹಾಕ್ತಾರೆ.

ಹದದ್ದು ಹಂಗಲ್ಲ. ಅದೇ ದಿನ, ಅದೇ ಮಡಿ, ಅದೇ ಬೀಜ, ಒಂದೂವರೆ ಅಡಿ ಪಕ್ಕ. ಜನವರೀಲಿ ಹದ ನೋಡಿ ಬಿತ್ತಿದ ಸಾಲಲ್ಲಿ 60ಕ್ಕೆ 53 ಎದ್ವು, ಒಣ ಮಣ್ಣಿಗೆ ಹಾಕಿ ನೀರು ಬಿಟ್ಟಿದ್ರಲ್ಲಿ 37. ನಾಲ್ಕೂ ಸಲ ಹದದ ಸಾಲೇ ಮೇಲೆ, ಒಂದು ಸಲನೂ ತಪ್ಪಲಿಲ್ಲ. ಯಾಕೆ ಅಂತ ಅಗೆದು ನೋಡಿದೆ. ನಮ್ಮದು ಕೆಂಪು ಮಣ್ಣು, ಬಿತ್ತಿದ್ಮೇಲೆ ನೀರು ಬಿಟ್ಟು ಬಿಸಿಲು ಬಿದ್ರೆ ಮೇಲ್ಗಡೆ ಚಕ್ಕೆ ಕಟ್ಟುತ್ತೆ, ದೋಸೆ ಕಾವಲಿ ಮೇಲೆ ಒಣಗಿದ ಹಿಟ್ಟಿನ ಥರ. ಬೀನ್ಸ್ ಮೊಳಕೆ ಕುತ್ತಿಗೆ ಬಗ್ಗಿಸ್ಕೊಂಡು ಬೆನ್ನಲ್ಲಿ ಮಣ್ಣು ನೂಕಿ ಮೇಲೆ ಬರೋದು, ಬೇಳೆ ಎರಡೂ ಹೊತ್ಕೊಂಡು. ಆ ಚಕ್ಕೆ ಕೆಳಗೆ ಬಗ್ಗಿದ ಕುತ್ತಿಗೆ ಹಂಗೇ ಮುರಿದು, ಬಿಳಿ ದಂಟು ಮಾತ್ರ ನಿಂತಿತ್ತು, ಒಂದೇ ಸಾಲಲ್ಲಿ ಹನ್ನೊಂದು ಅಂಥವು ಸಿಕ್ಕವು. ಚಿಕ್ಕಪ್ಪನ ಕರ್ಕೊಂಡು ಬಂದು ತೋರಿಸಿದೆ. ಕೂತ್ಕೊಂಡು ಒಂದೊಂದೇ ಎತ್ತಿ ನೋಡಿದ್ರು, ಏನೂ ಮಾತಾಡಲಿಲ್ಲ.

ಅವರ ಮುಖ್ಯ ವಾದ ಸಮುದ್ರದ್ದು. "ಅಷ್ಟು ದೊಡ್ಡ ಸಮುದ್ರನೇ ಉಬ್ಬುತ್ತೆ ಹುಣ್ಣಿಮೆಗೆ, ಗಿಡದೊಳಗಿನ ನೀರು ಎಳೆಯಲ್ವೇನ್ಲಾ?" ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ದೊಡ್ಡ ಉಬ್ಬರ ಹುಣ್ಣಿಮೆಗೂ ಬರುತ್ತೆ ಅಮಾಸೆಗೂ ಬರುತ್ತೆ, ಹಂಗಾದ್ರೆ ಎರಡಕ್ಕೂ ಬೀಜ ಒಂದೇ ಥರ ಏಳ್ಬೇಕು, ಪಕ್ಷದ ಲೆಕ್ಕನೇ ಬಿದ್ದೋಯ್ತು. ಮೇಲಾಗಿ ಉಬ್ಬರ ತರಿಸೋ ಚಂದ್ರನ ಸೆಳೆತ ಭೂಮಿಯ ಸೆಳೆತದ ಒಂದು ಕೋಟಿಯಲ್ಲಿ ಒಂದು ಪಾಲು ಅಷ್ಟೇ, ಸಾವಿರಾರು ಮೈಲಿ ಅಗಲದ ನೀರಿದ್ರೆ ಕಾಣುತ್ತೆ, ನಮ್ಮ ತೊಟ್ಟಿ ಉಬ್ಬಿದ್ದು ಯಾರಾದ್ರೂ ನೋಡಿದೀರಾ? ಬೆಳಕಿಂದ ಅಂತೀರಾ, ಬೆಳಕು ಅಳೆಯೋ ಲಕ್ಸ್ ಲೆಕ್ಕದಲ್ಲಿ ಹುಣ್ಣಿಮೆ ಬೆಳಕು ಹೆಚ್ಚಂದ್ರೆ 0.3 ಲಕ್ಸ್, ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್. ಬೀಜ ಮಣ್ಣೊಳಗಿರೋದು ಬೇರೆ. 2020ರಲ್ಲಿ ಸ್ಪೇನಿನ ವಾಲೆನ್ಸಿಯಾ ವಿಶ್ವವಿದ್ಯಾಲಯದವರು ಈ ವಿಷಯದ ಭೌತಶಾಸ್ತ್ರ, ಸಸ್ಯಶಾಸ್ತ್ರ ಎರಡನ್ನೂ ಜಾಲಾಡಿ ಬರೆದಿದ್ರಲ್ಲೂ ಗಟ್ಟಿ ಆಧಾರ ಸಿಕ್ಕಿಲ್ಲ.

ಆದ್ರೂ ನಾಲ್ಕು ಸಲ ಸಾಲದು ಅಂತ ಅನ್ಸಿ ಆಮೇಲೆ ಜೂನಿಂದ ನವೆಂಬರ್‌ವರೆಗೆ ಟ್ರೇಗಳಲ್ಲಿ ಮಾಡಿದೆ, ತಿಂಗಳಿಗೆ ಎರಡು, ಹುಣ್ಣಿಮೆ ಹತ್ರ ಒಂದು ಅಮಾಸೆ ಹತ್ರ ಒಂದು, ಕೋಕೋಪೀಟು, 50 ಬೀಜ, ಅದೇ ಶೆಡ್ಡು. ಇದು ಬೋರ್ ಹೊಡೆಸೋ ಪರೀಕ್ಷೆ, ಬೇಗ ಹೇಳಿ ಮುಗಿಸ್ತೀನಿ. ಹನ್ನೆರಡು ಟ್ರೇಲೂ 41ರಿಂದ 46 ಎದ್ವು, ಎರಡು ಗುಂಪನ್ನ ಬೇರೆ ಮಾಡೋಕೆ ಏನೂ ಇರಲಿಲ್ಲ.

ಬಯೋಡೈನಮಿಕ್ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳ್ಬೇಕು. ನಾನು ಅವರ ಕ್ಯಾಲೆಂಡರ್ ಮಾತ್ರ ನೋಡಿದ್ದು, ಹಸುವಿನ ಕೊಂಬಲ್ಲಿ ಸಗಣಿ ತುಂಬಿ ಹೂಳೋದೆಲ್ಲಾ ಮಾಡಿಲ್ಲ. ನನ್ನ ಫ್ರೆಂಡ್ ತೋಟ ನನ್ನದಕ್ಕಿಂತ ಚೆನ್ನಾಗಿದೆ, ಅದು ನಿಜ. ಆದ್ರೆ ಅವನು ಕಾಂಪೋಸ್ಟ್ ಮೇಲೆ ಕಾಂಪೋಸ್ಟ್ ಹಾಕ್ತಾನೆ, ದಿನಾ ಬೆಳಗ್ಗೆ ಹೋಗಿ ಗಿಡದ ಮುಂದೆ ಕೂರ್ತಾನೆ, ಕ್ಯಾಲೆಂಡರಲ್ಲಿ ದಿನ ಬರೆದಿದೆ ಅಂತ ಮಡಿ ಮುಂಚೇನೇ ರೆಡಿ ಇರುತ್ತೆ. ನನಗೆ ಅದರಿಂದ ಆದ ಲಾಭನೂ ಅದೇ, ತಾರೀಕು ಗುರುತು ಹಾಕಿದ್ರೆ ಕಳೆ ತೆಗೆಯೋದು ಮುಂದೂಡೋಕಾಗಲ್ಲ.

ಇನ್ನೊಂದು, ಮಳೆ ನಕ್ಷತ್ರನ ಇದ್ರ ಜೊತೆ ಕಲಸಬೇಡಿ. ಭರಣಿ, ರೋಹಿಣಿ, ಆರಿದ್ರ ಅಂತ ಮಳೆಗೆ ಹೆಸರಿಡೋದು ಸೂರ್ಯ ಆ ನಕ್ಷತ್ರದಲ್ಲಿರೋದ್ರಿಂದ, ಚಂದ್ರನಿಂದಲ್ಲ. ಒಂದೊಂದು ಹದಿಮೂರು ಹದಿನಾಲ್ಕು ದಿನ, ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ತಾರೀಕು, ಆರಿದ್ರ ಅಂದ್ರೆ ಜೂನ್ 22ರ ಆಸುಪಾಸು. ರೋಹಿಣಿ ಮಳೆಗೆ ಓಣಿ ತುಂಬಾ ಜೋಳ ಅಂತಾರಲ್ಲ, ಅದು ಋತು ನೋಡಿ ಕಟ್ಟಿದ ಲೆಕ್ಕ, ಅದನ್ನ ನಾನು ಬಿಡಲ್ಲ. ಈಗ ರಾಗಿಗೆ ಮಳೆ ಹೆಸರು ಒಂದು ಕಣ್ಣಲ್ಲಿ, ಹಿಡಿ ಮಣ್ಣು ಇನ್ನೊಂದು ಕಣ್ಣಲ್ಲಿ.

ಚಂದ್ರನಿಗೆ ಪೂರ್ತಿ ಸೊನ್ನೆ ಕೊಡೋಕೂ ಮನಸ್ಸಿಲ್ಲ. ಕಾಯಿಕೊರಕದ ಪತಂಗಕ್ಕೆ ಬೆಳಕಿನ ಬಲೆ ಇಟ್ಟೋರಿಗೆ ಗೊತ್ತಿರುತ್ತೆ, ಬೆಳದಿಂಗಳಿದ್ದಾಗ ಬಲೆಗೆ ಕಮ್ಮಿ ಬೀಳ್ತವೆ, ಕತ್ತಲಲ್ಲಿ ಜಾಸ್ತಿ. ಪಂಪಿಗೆ ತ್ರೀ ಫೇಸ್ ಕರೆಂಟು ರಾತ್ರಿ ಎರಡು ಗಂಟೆಗೆ ಕೊಟ್ಟಾಗ ಹುಣ್ಣಿಮೆ ಇದ್ರೆ ಹಾವಿನ ಭಯ ಇಲ್ಲದೆ ನೀರು ಕಟ್ಟಬಹುದು, ಇದು ಸಣ್ಣ ಲಾಭ ಅಲ್ಲ.

ಮತ್ತೆ ಬೊಂಬು. ಬೊಂಬನ್ನ ಕತ್ತಲೆ ಪಕ್ಷದಲ್ಲೇ ಕಡೀಬೇಕು, ಇಲ್ಲಾಂದ್ರೆ ಹುಳ ಕುಟ್ಟುತ್ತೆ ಅಂತ ಚಿಕ್ಕಪ್ಪ ಬಿತ್ತನೆಗಿಂತ ಜೋರಾಗಿ ಹೇಳ್ತಾರೆ. ಹುಳ ಬರೋದು ಬೊಂಬಲ್ಲಿರೋ ಪಿಷ್ಟಕ್ಕೆ, ಅದಂತೂ ಖಾತ್ರಿ. ಅದಕ್ಕೆ ಚಪ್ಪರದ ಅವರೆ ಬಳ್ಳಿಗೆ ಅಂತ ಬೊಂಬು ಕಡಿದಾಗ ಮೂರು ಕಟ್ಟು ಮಾಡಿದೆ, ಶುಕ್ಲಪಕ್ಷದ್ದೊಂದು, ಕತ್ತಲೆ ಪಕ್ಷದ್ದೊಂದು, ಇನ್ನೊಂದು ಯಾವಾಗಲೋ ಕಡಿದು ಮೂರು ವಾರ ತೊಟ್ಟೀಲಿ ನೆನೆಹಾಕಿದ್ದು, ಮೂರನ್ನೂ ಅಟ್ಟದ ಮೇಲೆ ಪಕ್ಕಪಕ್ಕ ಇಟ್ಟಿದ್ದೆ. ಮೊನ್ನೆ ಹತ್ತಿ ನೋಡಿದೆ. ನೆನೆಹಾಕಿದ್ರ ಕೆಳಗೆ ಏನಿಲ್ಲ. ಶುಕ್ಲಪಕ್ಷದ ಕಟ್ಟಿನ ಕೆಳಗೆ ಒಂದು ಹಿಡಿ ಹಳದಿ ಪುಡಿ. ಕತ್ತಲೆ ಪಕ್ಷದ್ರಲ್ಲಿ ಒಂದೇ ಬೊಂಬಲ್ಲಿ ಎರಡು ತೂತು. ಚಿಕ್ಕಪ್ಪಂಗೆ ಇನ್ನೂ ಹೇಳಿಲ್ಲ.