ಮಳೆ ನಕ್ಷತ್ರಗಳನ್ನೂ ತೋರಿಸುವ ಗೋಳ

ಏಳನೇ ಕ್ಲಾಸಿನ ಮಗಳಿಗೆ ಅಂತ ಮೈಸೂರಿನ ಅಂಗಡಿಯೊಂದರಲ್ಲಿ ಈ ಖಗೋಳದ ಮಾದರಿ ತಗೊಂಡೆ. ಬೆಲೆ 1,650 ರೂಪಾಯಿ. ಫುಟ್‌ಬಾಲ್‌ ಗಾತ್ರದ ಪಾರದರ್ಶಕ ಪ್ಲಾಸ್ಟಿಕ್ ಚಿಪ್ಪು, ಅದರ ಮೇಲೆ ನಕ್ಷತ್ರಗಳು, ಒಳಗೆ ಪುಟ್ಟ ಭೂಮಿ. ಓರೆಯಾದ ಗೆರೆಯೊಂದು ಸುತ್ತುವರಿದಿದೆ. ಅದೇ ಕ್ರಾಂತಿವೃತ್ತ, ಸೂರ್ಯ ವರ್ಷವಿಡೀ ನಕ್ಷತ್ರಗಳ ನಡುವೆ ಸಾಗಿದಂತೆ ನಮಗೆ ಕಾಣುವ ದಾರಿ. ಅದರ ಮೇಲೆ ತಾರೀಖುಗಳಿವೆ. ಸೂರ್ಯನ ಬದಲು ಹಳದಿ ಮಣಿ.

ನನಗೆ ತುಂಬಾ ಇಷ್ಟವಾಗಿದ್ದು, ಇದು ಸೂರ್ಯನ ಎರಡು ನಡೆಗಳನ್ನು ಬೇರೆ ಮಾಡಿ ತೋರಿಸುತ್ತದೆ. ಮಣಿಯನ್ನು ದಿನಕ್ಕೆ ಸುಮಾರು ಒಂದು ಡಿಗ್ರಿ ಪೂರ್ವಕ್ಕೆ ಸರಿಸಿದರೆ ವರ್ಷದ ನಡೆ. ಇಡೀ ಚಿಪ್ಪನ್ನು ತಿರುಗಿಸಿದರೆ ಆ ದಿನದ ಹುಟ್ಟು, ಮುಳುಗು. ಮಂಡ್ಯದ ಅಕ್ಷಾಂಶ 12.5 ಡಿಗ್ರಿಗೆ ಇಟ್ಟು ನೋಡಿ. ಜೂನ್ 21ರ ಮಧ್ಯಾಹ್ನ ಸೂರ್ಯ ನೆತ್ತಿಗಿಂತ 11 ಡಿಗ್ರಿ ಉತ್ತರಕ್ಕಿರುತ್ತಾನೆ. ಡಿಸೆಂಬರ್ 21ಕ್ಕೆ 36 ಡಿಗ್ರಿ ದಕ್ಷಿಣಕ್ಕೆ. ಏಪ್ರಿಲ್ 23 ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ ಸರಿಯಾಗಿ ನೆತ್ತಿಯ ಮೇಲೆ. ನಮ್ಮ ಉತ್ತರದ ಕಿಟಕಿಗೆ ಜೂನ್‌ನಲ್ಲಿ ಮಧ್ಯಾಹ್ನವೂ ಬಿಸಿಲು ಯಾಕೆ ಬೀಳುತ್ತೆ ಅಂತ ಮಗಳೇ ಹೇಳಿದಳು.

ಮಾವನವರು ಕಬ್ಬು, ಭತ್ತ ಬೆಳೆಯುವವರು. ಗೋಳ ನೋಡಿ, "ಆರಿದ್ರಾ ಮಳೆ ಎಲ್ಲೈತವ್ವ ಇದ್ರಲ್ಲಿ?" ಅಂದರು. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಹೆಸರಿನ ಮಳೆ ಅಲ್ವಾ? 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಆರಿದ್ರಾ ಹುಟ್ಟುವುದು ಜೂನ್ 21-22ಕ್ಕೆ. ಮಣಿಯನ್ನು ಅಲ್ಲಿಗೆ ಸರಿಸಿದೆವು. ಆ ಗೆರೆಯ ತೀರಾ ಉತ್ತರದ ತುದಿ ಅದು. ಅದರ ನೇರ ಕೆಳಗೇ ಆರಿದ್ರಾ ನಕ್ಷತ್ರ ಅಂತ ಕರೆಯುವ ಕೆಂಪು ಬೆಟೆಲ್‌ಗ್ಯೂಸ್! ಆರಿದ್ರಾ ಮಳೆಯ ಕಾಲದಲ್ಲಿ ರಾತ್ರಿ ಆ ನಕ್ಷತ್ರ ಯಾಕೆ ಕಾಣಲ್ಲ ಅನ್ನೋದೂ ತಿಳಿಯಿತು. ಅದು ಸೂರ್ಯನ ಜೊತೆಗೇ ಹಗಲಲ್ಲಿ ಬಾನಿನಲ್ಲಿರುತ್ತದೆ. ಮಾವ ಪಂಚಾಂಗ ತಂದು ರೋಹಿಣಿ, ಮೃಗಶಿರಾ, ಮಘೆ ಎಲ್ಲ ಬರೆಸಿ ಚೀಟಿ ಅಂಟಿಸಿದರು.

ಕೊರತೆಗಳೂ ಇವೆ. ನಕ್ಷತ್ರಗಳನ್ನು ನಾವು ಹೊರಗಿನಿಂದ ನೋಡುವುದರಿಂದ ಎಡಬಲ ಅದಲುಬದಲಾಗಿ ಕಾಣುತ್ತವೆ. ಇದು ಇಂಥ ಎಲ್ಲ ಗೋಳಗಳಲ್ಲೂ ಇರುವುದೇ. ಆದರೆ ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ಅಕ್ಷಾಂಶದ ಪಟ್ಟಿಯಲ್ಲಿ ಹತ್ತು ಹತ್ತು ಡಿಗ್ರಿಗೆ ಮಾತ್ರ ಗುರುತು, ನಮ್ಮ ಊರನ್ನು ಅಂದಾಜಿನಲ್ಲೇ ಇಡಬೇಕು. ತಳದ ತಿರುಪು ಬೇಗ ಸಡಿಲವಾಯಿತು. ಕೈಪಿಡಿ ಬರೀ ಇಂಗ್ಲಿಷಿನಲ್ಲಿದೆ.

ಆದರೂ ಶಾಲೆಗಳು ಒಂದೊಂದು ತಗೊಳ್ಳಲಿ ಅಂತ ಮನಸ್ಸಿನಿಂದ ಹೇಳ್ತೀನಿ. ಅಂಗಡಿಯಲ್ಲೇ ಚಿಪ್ಪನ್ನು ತಿರುಗಿಸಿ, ಮಣಿ ಸಲೀಸಾಗಿ ಸರಿಯುತ್ತಾ ಅಂತ ನೋಡಿಕೊಂಡು ದುಡ್ಡು ಕೊಡಿ.