ನಲ್‌ಸ್ಕೂಲ್ ‘ಅರ್ಥ್’: ಮುಂಗಾರಿನ ದಾರಿ ನೋಡೋಕೆ ಇಷ್ಟು ಸಾಕು

ಕ್ಯಾಮರಾನ್ ಬೆಕಾರಿಯೊ ಮಾಡಿರುವ ಈ ವೆಬ್‌ಸೈಟ್ ಪುಕ್ಕಟೆ, ಲಾಗಿನ್ ಕೂಡ ಬೇಡ. ತೆರೆದರೆ ತಿರುಗಿಸಬಹುದಾದ ಒಂದು ಭೂಗೋಳ, ಅದರ ಮೇಲೆ ಹರಿಯುವ ಗಾಳಿಯ ಗೆರೆಗಳು. ಅಷ್ಟೇ.

ಮೆನುವಿನಲ್ಲಿ ಎತ್ತರವನ್ನು 850ಕ್ಕೆ ಇಟ್ಟುಕೊಳ್ಳಿ (ಇದು ಗಾಳಿಯ ಒತ್ತಡದ ಅಳತೆ, hPa), ಅಂದರೆ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ. ಹಿಂದಿನ ಯಾವುದಾದರೂ ಜುಲೈ ದಿನಾಂಕಕ್ಕೆ ಹೋಗಿ. ಮಜಾ ಇರೋದು ಇಲ್ಲೇ. ದಕ್ಷಿಣ ಗೋಳಾರ್ಧದಿಂದ ಹೊರಟ ಗಾಳಿ ಆಫ್ರಿಕಾ ಕಡೆ ಬರುತ್ತದೆ, ಕೀನ್ಯಾ ಮತ್ತು ಇಥಿಯೋಪಿಯಾದ ಎತ್ತರದ ನೆಲ ಅದನ್ನು ಗೋಡೆ ಥರ ತಡೆಯುತ್ತದೆ, ಸಮಭಾಜಕ ದಾಟಿದ ಮೇಲೆ ಭೂಮಿ ತಿರುಗುವ ಕಾರಣಕ್ಕೆ ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ನೀರಾವಿ ಹೊತ್ತುಕೊಂಡು ನೇರ ನಮ್ಮ ಪಶ್ಚಿಮ ಘಟ್ಟಕ್ಕೆ ಬಂದು ಗುದ್ದುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ಇದನ್ನೇ ಅಲ್ವಾ? ಆಗ ಇದನ್ನು ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಊರಿನ ಮಳೆಗೆ ಇದನ್ನು ನಂಬಬೇಡಿ. ಇಲ್ಲಿ ಕಾಣೋದು ಅಮೆರಿಕದ ಜಿಎಫ್‌ಎಸ್ ಎಂಬ ಹವಾಮಾನದ ಕಂಪ್ಯೂಟರ್ ಮಾದರಿಯ ಲೆಕ್ಕ. ಅದು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ, ಒಂದೊಂದು ಚೌಕ ಹಲವು ಕಿಲೋಮೀಟರ್ ಅಗಲ. ಘಟ್ಟದ ಕಣಿವೆ, ತಿರುವು ಎಲ್ಲ ಅದರಲ್ಲಿ ಸಪಾಟಾಗಿ ಹೋಗುತ್ತವೆ. ಗಾಳಿ ಮೇಲೇರಿ ತಣ್ಣಗಾಗುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ, ಘಟ್ಟದ ಆಚೆ ಮಳೆನೆರಳಿನ ಚಿತ್ರದುರ್ಗದಲ್ಲಿ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಇಂಥ ವ್ಯತ್ಯಾಸ ಈ ಗೆರೆಗಳಲ್ಲಿ ಸರಿಯಾಗಿ ಕಾಣೋದಿಲ್ಲ.

ಬಟ್ಟೆ ಒಣಹಾಕಬೇಕಾ ಬೇಡವಾ ಅನ್ನೋದಕ್ಕೆ ಹವಾಮಾನ ಇಲಾಖೆಯ ರೇಡಾರ್ ಚಿತ್ರ ನೋಡಿ. ಮಕ್ಕಳಿರುವ ಮನೆಯವರು ಮಾತ್ರ ಇದನ್ನು ಒಮ್ಮೆ ದೊಡ್ಡ ಪರದೆಯಲ್ಲಿ ಹಾಕಿ. ಐದಕ್ಕೆ ನಾಲ್ಕೂವರೆ.